ಯಾಕೆ ತಿಳಿಸಲಿಲ್ಲ

ತುಳಸಿ ಒಂದೇ ಕೈಯಲ್ಲಿ ಕುರ್ಚಿ ಎಳೆಯಲು ಹೋದಾಗ ಭೀಮಸೇನ ಗಡಬಡಿಸಿ ತಾನೇ ಎಳೆದುಕೊಂಡ. ಅವಳ ಎಡಗೈಗೆ ಮೊಣಕೈವರೆಗೂ ಬ್ಯಾಂಡೇಜ್ ಇತ್ತು. ವಿಜಯವಾಡದ ಒನ್ ಟೌನ್‌ನಲ್ಲಿ ಸಗಟು ಬಟ್ಟೆ ಅಂಗಡಿಯೊಂದರ ಮೇಲೆ ಅವಳ ತಾಯಿಯ ಎರಡು ಕೋಣೆಗಳ ಮನೆ. ಕೆಳಗೆ ಹಮಾಲರು ಮೂಟೆ ಇಳಿಸುವ ಸದ್ದು.

"ಕಾಫಿ ತಾಗ್ತೀರಾ ಸಾರ್?" ತುಳಸಿಯ ತಾಯಿ ರಾಜ್ಯಲಕ್ಷ್ಮಿ ಕೇಳಿದರು. ಬಳ್ಳಾರಿ ಬಿಟ್ಟು ಮೂವತ್ತು ವರ್ಷವಾಗಿ ಅವರ ಕನ್ನಡದೊಳಗೆ ತೆಲುಗು ಬೆರೆತುಹೋಗಿತ್ತು. "ಅಷ್ಟು ದೂರದಿಂದ ನೋಡಕ್ಕೆ ಬಂದೀರಿ. ದೊಡ್ಡ ಮನಸ್ಸು."

ಭೀಮಸೇನ ಬರೀ ನೋಡಲು ಬಂದಿರಲಿಲ್ಲ. ಅಚ್ಯುತಾಪುರಂನ ಔಷಧ ಕಾರ್ಖಾನೆಯಲ್ಲಿ ಅವನು ಶಿಫ್ಟ್ ಇನ್‌ಚಾರ್ಜ್. ತುಳಸಿ ಅವನ ಕೈಕೆಳಗಿನ ಆಪರೇಟರ್. ಅಪಘಾತದ ವರದಿಯಲ್ಲಿ ಒಂದು ಸಾಲು ಖಾಲಿ ಉಳಿದಿತ್ತು: ಸೋರಿಕೆ ಕಂಡರೂ ಮೇಲಿನವರಿಗೆ ಯಾಕೆ ತಿಳಿಸಲಿಲ್ಲ? ಅವಳಿಂದ ಉತ್ತರ ಬರೆಸಿ, ಸಹಿ ಹಾಕಿಸಿಕೊಂಡು ಹೋಗಬೇಕಿತ್ತು.

ಉತ್ತರ ಅವನಿಗೆ ಗೊತ್ತಿತ್ತು. ತಿಂಗಳ ಹಿಂದೆ, ಆಸಿಡ್ ಪೈಪಿನ ಹತ್ತಿರ ವಾಸನೆ ಬರುತ್ತಿದೆಯೆಂದು ಅವಳು ಪಂಪ್ ನಿಲ್ಲಿಸಿದ್ದಳು. ಹುಡುಕಿದರೆ ಏನೂ ಸಿಗಲಿಲ್ಲ. ಎರಡು ತಾಸಿನ ಕೆಲಸ ಹೋಯಿತು. ಮರುದಿನ ಬೆಳಗಿನ ಸಭೆಯಲ್ಲಿ ಅವನು ಎಲ್ಲರೆದುರು ಮೊದಲು ತೆಲುಗಿನಲ್ಲಿ, ಆಮೇಲೆ ಅವಳಿಗೆ ನಾಟಲೆಂದೇ ಕನ್ನಡದಲ್ಲೂ ಅಂದಿದ್ದ: "ಇಷ್ಟ ಅಂಜಿಕಿ ಇದ್ರ ಮನ್ಯಾಗ ಕುಂತು ಹೂ ಕಟ್ಟಬೇಕಿತ್ತು. ಇಲ್ಲಿಗ್ಯಾಕ ಬಂದಿ?" ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಂತೆ ಮಾಡಿದ್ದಳು.

ಈ ಸಲ ಪೈಪಿನ ಜೋಡಣೆಯಲ್ಲಿ ಹನಿ ಕಂಡಾಗ ಯಾರಿಗೂ ಹೇಳದೆ ತಾನೇ ಸ್ಪ್ಯಾನರ್ ಹಿಡಿದು ಹೋಗಿದ್ದಳು. ಬಿಗಿಯುವಾಗ ಆಸಿಡ್ ಕೈಮೇಲೆ ಚಿಮ್ಮಿತ್ತು.

"ಏನು ಬರೀಲಿ ಸಾರ್?" ತುಳಸಿ ಪೆನ್ನು ಹಿಡಿದು ಕೇಳಿದಳು. "ನನ್ನ ತಪ್ಪೇ ಅಂತ ಬರೀತೀನಿ. ಸರಿಯಾಗಿ ಗೊತ್ತಾಗ್ಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ನಿಮಗೆ ಮತ್ತೆ ತೊಂದರೆ ಆಯ್ತು. ಸಾರಿ ಸಾರ್."

ಅವಳು ನಿಜಕ್ಕೂ ಕ್ಷಮೆ ಕೇಳುತ್ತಿದ್ದಳು. ಭೀಮಸೇನನ ಕಿವಿ ಬಿಸಿಯಾಯಿತು. ರಾಜ್ಯಲಕ್ಷ್ಮಿ ಲೋಟ ಮುಂದೆ ಹಿಡಿದಾಗ ಅವರ ಮುಖ ನೋಡಲಾಗಲಿಲ್ಲ.

"ನೀ ಬರೀಬ್ಯಾಡವಾ," ಎಂದು ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. "ಅಮ್ಮಾರ, ನಾ ಈಕಿಗೆ ಮಂದಿ ಮುಂದ ಏನಂದಿದ್ದೆ ಅಂತ ನಿಮಗ ಹೇಳ್ಯಾಳೇನು?"

ತುಳಸಿ ತಲೆ ತಗ್ಗಿಸಿದಳು. ಅವನೇ ಹೇಳಿದ, ಒಂದು ಮಾತೂ ಬಿಡದೆ. ರಾಜ್ಯಲಕ್ಷ್ಮಿ ಬೈಯಲಿಲ್ಲ. ಮಗಳ ಬೆನ್ನ ಹಿಂದೆ ಹೋಗಿ ನಿಂತರು.

ಎರಡು ದಿನದ ಮೇಲೆ, ಕಾರ್ಖಾನೆಯ ಬೆಳಗಿನ ಸಭೆಯಲ್ಲಿ, ಭೀಮಸೇನ ವರದಿಯಲ್ಲಿ ತಾನು ಬರೆದ ಸಾಲನ್ನು ಓದಿದ: ಹಿಂದೆ ತಿಳಿಸಿದಾಗ ನಾನು ಅವರನ್ನು ಅವಮಾನಿಸಿದ್ದರಿಂದ. ಯಾರೂ ತಲೆಯೆತ್ತಲಿಲ್ಲ.

ಎಲ್ಲಾದರೂ ಏನಾದರೂ ಸರಿಯಿಲ್ಲವೆನಿಸಿದರೆ ಈಗಲೇ ಹೇಳಿ ಎಂದು ತೆಲುಗಿನಲ್ಲಿ ಕೇಳಿದ. ಆಮೇಲೆ ಹಿಂದಿನ ಸಾಲಿನಲ್ಲಿ ಹಿರಿಯ ಫಿಟರ್ ರಾಮ್‌ಪ್ರಸಾದ್‌ನ ಕೈ ಭುಜದವರೆಗೆ ಎದ್ದು ನಿಂತಿತು. ಅವನು ಅಕ್ಕಪಕ್ಕದವರ ಮುಖ ನೋಡಿದ.

"ಚೆಪ್ಪಂಡಿ," ಎಂದ ಭೀಮಸೇನ, ಹೇಳಿ ಎಂಬಂತೆ ತಲೆಯಾಡಿಸಿ.

ಕೈ ಇನ್ನೂ ಅಲ್ಲೇ ಇತ್ತು, ಮೇಲೂ ಹೋಗದೆ, ಕೆಳಗೂ ಇಳಿಯದೆ.