ಗಿಟಾರಿನ ಕತ್ತು ಒರೆಸಿದ ಬನಿಯನ್

ನಾನು ಒಂದು ಬನಿಯನ್. ಒಂದು ಎಂದದ್ದು ವಿನಯಕ್ಕೆ. ನನ್ನಂಥದ್ದು ಇನ್ನೊಂದು ಹುಟ್ಟಿಲ್ಲ. ತಿರುಪ್ಪೂರಿನಲ್ಲಿ ನನ್ನನ್ನು ಹೆಣೆದ ಯಂತ್ರ ಆಮೇಲೆ ಕೆಟ್ಟು ನಿಂತಿತಂತೆ. ಇನ್ನೇನು ಹೆಣೆಯುವುದು ಎಂಬ ಜಿಗುಪ್ಸೆಯೇ ಇರಬೇಕು. ಮೈಸೂರಿನ ಅಂಗಡಿಯವನು ನನ್ನನ್ನು ಬಿಚ್ಚಿ ತೋರಿಸುವಾಗ ಟ್ಯೂಬ್‌ಲೈಟ್ ಆರಿಸಿಬಿಡುತ್ತಿದ್ದ. ಅಷ್ಟು ಬಿಳುಪು.

ಇಂಥ ನನ್ನನ್ನು ಕೊಂಡವಳು ಗಾಂಧಿನಗರದ ಲೂರ್ದಮ್ಮ, ಗಂಡ ಇನ್ನಾಸಪ್ಪನಿಗೆಂದು. ಇನ್ನಾಸಪ್ಪ ಭಾನುವಾರ ಚರ್ಚಿನಲ್ಲಿ, ಮಿಕ್ಕ ದಿನ ಶೇಷಗಿರಿಯ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವನು. ಅವನಷ್ಟು ಬೆವರುವ ಮನುಷ್ಯನನ್ನು ನಾನು ಕಂಡಿಲ್ಲ. ಒಂದು ಕುಣಿತದ ಹಾಡು ಮುಗಿದರೆ ಸಾಕು, ನನ್ನನ್ನು ಹಿಂಡಿ ಒಂದು ಬೀದಿಗೆ ನೀರು ಬಿಡಬಹುದಿತ್ತು. ಆ ಉಪ್ಪಿಗೆ ನನ್ನ ಕಂಕುಳು ಹರಿಯಿತು.

ಲೂರ್ದಮ್ಮ ನನ್ನನ್ನು ಎರಡಾಗಿ ಸೀಳಿದಳು. ಎದೆಯ ಭಾಗ ನೆಲ ಒರೆಸಲು ಹೋಯಿತು. ಬೆನ್ನಿನ ಭಾಗವನ್ನೂ ಬಕೆಟ್ಟಿಗೆ ಅದ್ದುವುದರಲ್ಲಿದ್ದಳು, ಇನ್ನಾಸಪ್ಪ ಕಸಿದುಕೊಂಡ.

"ಇದ್ ಬೇಡ ಕಣೇ. ಗಿಟಾರ್‌ಗೆ ಬೇಕು."

"ನಂಗೊಂದ್ ದಿಂಬಿನ ಕವರಿಗೆ ಬಟ್ಟೆ ಇಲ್ಲ, ನಿಮ್ ಗಿಟಾರ್‌ಗೆ ಟವಲ್ಲು" ಎಂದಳು ಲೂರ್ದಮ್ಮ. "ಇರಲಿ, ಇವತ್ತಲ್ಲ ನಾಳೆ ನೆಲಕ್ಕೆ ಬರ್ಲೇಬೇಕು ಅದು."

ಅಂದಿನಿಂದ ಅವಳ ಕಣ್ಣು ನನ್ನ ಮೇಲೆ, ನನ್ನ ಕಣ್ಣು ಗಿಟಾರಿನ ಮೇಲೆ. ನಾನು ಉಳಿದದ್ದು ಅದರ ಕತ್ತಿನಿಂದ.

ಗಿಟಾರ್ ಎಂದರೆ ಜನ ಏನೋ ದೊಡ್ಡದು ಎಂದುಕೊಂಡಿದ್ದಾರೆ. ಹತ್ತಿರ ಹೋಗಿ ನೋಡಬೇಕು. ಉದ್ದ ಕತ್ತಿನ ಮೇಲೊಂದು ಬೀಟೆಯ ಹಲಗೆ, ಹಲಗೆಗೆ ಅಡ್ಡಡ್ಡ ಲೋಹದ ಪಟ್ಟಿಗಳು, ಫ್ರೆಟ್ ಅನ್ನುತ್ತಾರೆ. ಪ್ರತಿ ಫ್ರೆಟ್ಟಿನ ಸಂದಿಯಲ್ಲೂ ಕೊಳೆ. ನುಡಿಸುವವರ ಬೆರಳಲ್ಲಿ ಸಂಗೀತಕ್ಕಿಂತ ಬಜ್ಜಿಯ ಎಣ್ಣೆ ಹೆಚ್ಚು. ಮದುವೆಮನೆಯ ಬೋಂಡ ತಿಂದು, ಪಂಚೆಗೆ ಒರೆಸಿದಂತೆ ಮಾಡಿ, ನೇರ ತಂತಿಗೆ ಕೈ. ಕೇಳುವವರು ಕಣ್ಣು ಮುಚ್ಚಿ ತಲೆದೂಗುತ್ತಾರೆ. ನಾನು ಮೂಗು ಮುಚ್ಚಿಕೊಳ್ಳುತ್ತೇನೆ.

ಇನ್ನಾಸಪ್ಪ ತಂತಿ ಸಡಿಲಿಸಿ, ಹಳೆಯ ಬಸ್ ಪಾಸಿನ ಅಂಚಿನಿಂದ ಕೊಳೆ ಕೆರೆದು, ನಿಂಬೆ ಎಣ್ಣೆಯ ಒಂದು ತೊಟ್ಟು ಹಾಕುತ್ತಿದ್ದ. ಮರಕ್ಕಲ್ಲ, ನನಗೆ. ಮರಕ್ಕೆ ಎಣ್ಣೆ ಕುಡಿಸಬಾರದು, ನೆಕ್ಕಿಸಬೇಕು. ನಾನು ಒಮ್ಮೆ ಕತ್ತಿನುದ್ದ ಜಾರಿ ಬಂದರೆ ಬೀಟೆ ಎಷ್ಟು ಕಪ್ಪಾಗಿ ಮಿನುಗುತ್ತಿತ್ತೆಂದರೆ, ಲೂರ್ದಮ್ಮ ಅದರಲ್ಲಿ ಮುಖ ನೋಡಿ ಜಡೆ ಹಾಕಿಕೊಳ್ಳಬಹುದಿತ್ತು. ಹೊಗಳಿಕೆಯೆಲ್ಲ ಗಿಟಾರಿಗೆ. ಕೃತಘ್ನ ಕಟ್ಟಿಗೆ.

ಹೀಗಿರುವಾಗ ಶೇಷಗಿರಿ ಒಂದು ಕೀಬೋರ್ಡ್ ತಂದ, ನುಡಿಸಲು ಒಬ್ಬ ಹುಡುಗನನ್ನೂ ತಂದ. ಗುಂಡಿ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಗಿಟಾರ್. ಆ ಗಿಟಾರಿನ ದನಿ ತಗಡಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ನೊಣದ್ದು. ಆದರೂ ಶೇಷಗಿರಿಗೆ ಅದು ದೇವಲೋಕ.

"ನೋಡು ಇನ್ನಾಸಪ್ಪ, ವಿಜಯದಶಮಿ ದಿನ ದೊಡ್ಡ ರಿಸೆಪ್ಷನ್ ಇದೆ. ಅಲ್ಲಿ ನಿನ್ ಗಿಟಾರ್ ಚೆನ್ನಾಗಿ ಕೇಳ್ಸಿದ್ರೆ ನೀನು. ಇಲ್ದಿದ್ರೆ ಮುಂದಿನ್ ಪ್ರೋಗ್ರಾಮಿಂದ ಇದೇ ಸಾಕು" ಎಂದ.

ಇಪ್ಪತ್ತು ವರ್ಷ ಕೂತ ಜಾಗ. ಇನ್ನಾಸಪ್ಪ ಹೂಂ ಅಂದು ಮನೆಗೆ ಬಂದ. ಒರೆಸಿದ ಗಿಟಾರನ್ನೇ ನನ್ನಿಂದ ಮತ್ತೆರಡು ಸಲ ಒರೆಸಿದ.

ರಿಸೆಪ್ಷನ್ನಿನ ಹಿಂದಿನ ದಿನ ಆಯುಧಪೂಜೆ. ಶೇಷಗಿರಿ ವಾದ್ಯಗಳನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ಮಲಗಿಸಿದ. ತಬಲಕ್ಕೆ ಹೂವು, ಕೀಬೋರ್ಡಿಗೆ ನಿಂಬೆಹಣ್ಣು. ಗಿಟಾರಿನ ಹಲಗೆಯ ಮೇಲೆ ಬಿಳಿ ಚುಕ್ಕಿಗಳಿರುತ್ತವೆ, ಬೆರಳಿಗೆ ಜಾಗ ತಿಳಿಯಲೆಂದು. ದೇವರೇ ಬೊಟ್ಟಿನ ಜಾಗ ಗುರುತು ಮಾಡಿಟ್ಟಿದ್ದಾನೆ ಅಂದುಕೊಂಡನೋ ಏನೋ, ಮಹಾಶಯ ತಂತಿಯ ಸಂದಿಯಲ್ಲಿ ಬೆರಳು ತೂರಿಸಿ ಒಂದೊಂದು ಚುಕ್ಕಿಗೂ ಗಂಧ ಮೆತ್ತಿ ಮೇಲೆ ಕುಂಕುಮ ಇಟ್ಟ. ಸಾಲದ್ದಕ್ಕೆ ಮರಕ್ಕೆ ತಂಪಾಗಲಿ ಎಂದು ದೀಪದ ಹರಳೆಣ್ಣೆಯನ್ನು ಕತ್ತಿನ ಮೇಲೆ ಸುರಿದ. ಗಿಟಾರಿಗೆ ಎಣ್ಣೆಸ್ನಾನ ಮಾಡಿಸಿದ ಮೂರ್ಖ ಮೂರು ಲೋಕದಲ್ಲಿ ಇವನೊಬ್ಬನೇ.

"ಪೂಜೆ ಕುಂಕುಮ ತಾನಾಗಿ ಉದುರ್ಬೇಕು. ಯಾರೂ ಒರೆಸ್ಬೇಡಿ" ಎಂದೂ ಹೇಳಿದ.

ಇನ್ನಾಸಪ್ಪ ನನ್ನತ್ತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ತಾನು ಚರ್ಚಿಗೆ ಹೋಗುವವನು. ಇಲ್ಲಿ ಬೇಡ ಅಂದರೆ ಅದಕ್ಕೆ ಬೇರೆಯೇ ಅರ್ಥ ಹುಟ್ಟುತ್ತದೆ ಎಂಬ ಅಳುಕು.

ಮರುದಿನ ಛತ್ರದಲ್ಲಿ ಇನ್ನಾಸಪ್ಪ ಶ್ರುತಿ ನೋಡಲು ತಂತಿ ಮೀಟಿದ. ಗಿಟಾರ್ ಕೆಮ್ಮಿತು. ಗಂಧ ಹರಳೆಣ್ಣೆಯಲ್ಲಿ ಕಲೆತು ಅಂಟಾಗಿ ಫ್ರೆಟ್ಟಿಗೂ ತಂತಿಗೂ ಹಿಡಿದಿತ್ತು. ಬೆರಳು ಇಟ್ಟಲ್ಲಿ ಕಚ್ಚಿಕೊಳ್ಳುತ್ತಿತ್ತು. ಕೀಬೋರ್ಡಿನವನು ಮೆಲ್ಲಗೆ ನಕ್ಕು ತನ್ನ ಗುಂಡಿ ಒತ್ತಿದ. ನೊಣ ಹಾಡಿತು.

ಇನ್ನಾಸಪ್ಪ ಗಿಟಾರ್ ಎತ್ತಿಕೊಂಡು ಅಡುಗೆಮನೆಯ ಹಿಂದೆ, ಬಾಳೆಎಲೆಯ ರಾಶಿಯ ಮರೆಗೆ ಹೋದ. ತಂತಿ ಸಡಿಲಿಸಿದ. ಬಸ್ ಪಾಸ್ ಹೊರಬಂತು. ನಾನು ಹೊರಬಂದೆ. ಆ ಮಧ್ಯಾಹ್ನ ನಾನು ಮಾಡಿದ ಕೆಲಸವನ್ನು ನೂರು ಆನೆಗಳೂ ಮಾಡಲಾರವು. ಎಣ್ಣೆ ಹೀರಿದೆ, ಗಂಧ ಹೀರಿದೆ, ಕುಂಕುಮ ಹೀರಿದೆ. ತಂತಿಗಳನ್ನೂ ಒಂದೊಂದಾಗಿ ಉಜ್ಜಿದೆ. ಕೊನೆಯ ಫ್ರೆಟ್ಟಿನಲ್ಲಿದ್ದಾಗ ಮೇಲೆ ನೆರಳು ಬಿತ್ತು. ಶೇಷಗಿರಿ.

"ಏನ್ ಮಾಡ್ತಿದೀಯ?"

ಇನ್ನಾಸಪ್ಪನ ಹಣೆಯ ಬೆವರು ನನ್ನ ಮೇಲೆ ತೊಟ್ಟಿಕ್ಕಿತು. "ಒರೆಸ್ದೆ ಅಣ್ಣ. ಸುಳ್ಳು ಹೇಳಲ್ಲ. ಇಲ್ದಿದ್ರೆ ನುಡಿಯಲ್ಲ ಇದು."

"ಪೂಜೆ ಕುಂಕುಮ ಅಂತ ಗೊತ್ತಿದ್ದೂ?"

"ಗೊತ್ತಿದ್ದೇ. ಒಂದ್ ಚೂರೂ ನೆಲಕ್ಕೆ ಬಿಟ್ಟಿಲ್ಲ. ಎಲ್ಲಾ ಈ ಬಟ್ಟೇಲೇ ಇದೆ, ನೋಡಿ." ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದ.

ಶೇಷಗಿರಿ ನೋಡಿದ. ನಾನು ಕೆಂಪಗೆ, ಗಂಧದ ಘಮದಲ್ಲಿದ್ದೆ. ಆಮೇಲೆ ಆ ಮನುಷ್ಯ ಏನು ಮಾಡಿದ ಗೊತ್ತೇ? ವರ್ಷಗಟ್ಟಲೆ ಬೆವರು, ಬಜ್ಜಿ ಎಣ್ಣೆ, ನಾನಾ ಬೆರಳುಗಳ ಕೊಳೆ ಕುಡಿದ ನನ್ನನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡ.

"ಇದನ್ನ ನೆಲಕ್ಕೆ ಹಾಕ್ಬೇಡ" ಎಂದು ಹೇಳಿ ಹೊರಟುಹೋದ.

ಸಂಜೆ ಗಿಟಾರ್ ನುಡಿಯಿತು. ಮದುಮಗಳು ಫೋಟೋಕ್ಕೆ ನಗುವುದನ್ನು ಮರೆತು ವೇದಿಕೆಯ ಕಡೆ ತಿರುಗಿದಳು. ಅಡುಗೆಯವರು ಸೌಟು ಹಿಡಿದೇ ಹೊರಬಂದರು. ಕೀಬೋರ್ಡಿನವನ ಬೆರಳು ಗುಂಡಿಯ ಮೇಲೆಯೇ ಸತ್ತಿತು. ಮುಗಿದ ಮೇಲೆ ಶೇಷಗಿರಿ ಹೊಗಳಲಿಲ್ಲ. "ಗುರುವಾರ ನಂಜನಗೂಡು. ಬೇಗ ಬಾ" ಎಂದನಷ್ಟೆ. ಇನ್ನಾಸಪ್ಪ ನನ್ನಿಂದ ಮುಖ ಒರೆಸಿಕೊಂಡು ಮುಖವೆಲ್ಲ ಕೆಂಪು ಮಾಡಿಕೊಂಡು ಮನೆಗೆ ಬಂದ.

ಲೂರ್ದಮ್ಮ ನನ್ನನ್ನು ಸೋಪಿನಲ್ಲಿ ನೆನೆಸಿದಳು, ಬಿಸಿಲಿಗೆ ಹಾಕಿದಳು. ಕೆಂಪು ಹೋಗಲಿಲ್ಲ. ಎಣ್ಣೆಗೆ ಗಟ್ಟಿಯಾಗಿ ಗಿಟಾರಿಗೂ ನಾನು ಒರಟಾದೆ. ಕೊನೆಗೆ ಅವಳ ದಿನ ಬಂತು. ನನ್ನನ್ನು ಬಕೆಟ್ಟಿನ ಮೇಲೆ ಹಿಡಿದಳು. ಹಿಡಿದೇ ನಿಂತಳು.

"ಪೂಜೆ ಕುಂಕುಮ ಇರೋದನ್ನ ಹೆಂಗ್ರೀ ನೆಲಕ್ಕಾಕೋದು?" ಎಂದಳು ಗಂಡನಿಗೆ. "ನಮ್ದಲ್ದಿದ್ರೂ ಯಾರದೋ ದೇವ್ರದ್ದು."

ಈಗ ನಾನು ಗೋಡೆಯ ಮೊಳೆಯ ಮೇಲೆ, ಮಾತೆ ಮರಿಯಳ ಪಟದಿಂದ ಒಂದು ಗೇಣು ಆಚೆ. ಗಿಟಾರಿಗೆ ಅಂಗಡಿಯ ಹೊಸ ಬಟ್ಟೆ ಬಂದಿದೆ: ನೋಡಲು ನುಣುಪು, ಎಣ್ಣೆಯನ್ನು ಸವರುತ್ತದೆಯೇ ಹೊರತು ಹೀರುವುದು ಗೊತ್ತಿಲ್ಲ. ಇನ್ನಾಸಪ್ಪ ಅದರಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಒಮ್ಮೆ ನನ್ನ ಕಡೆ ನೋಡುತ್ತಾನೆ. ನಾನು ಕರಗುವುದಿಲ್ಲ.

ಕೆಳಗೆ ಲೂರ್ದಮ್ಮ ನೆಲ ಒರೆಸುತ್ತಾಳೆ. ಅವಳ ಕೈಯಲ್ಲಿರುವುದು ಇನ್ನಾಸಪ್ಪನ ಇನ್ನೊಂದು ಬನಿಯನ್, ನನ್ನದೇ ಕಂಪನಿಯದು, ಒಂದು ರೀತಿಯಲ್ಲಿ ತಮ್ಮನಾಗಬೇಕು. ಹಿಂಡಿಸಿಕೊಳ್ಳುವಾಗ ಅದು ತಲೆಯೆತ್ತಿ ನೋಡುತ್ತದೆ. ನಾನು ಗುರುತು ಸಿಕ್ಕಂತೆ ತೋರಿಸಿಕೊಳ್ಳುವುದಿಲ್ಲ.