ಎಳೆಯುವುದಕ್ಕೆ ಮುಂಚಿನ ಹೊತ್ತು

ಬಾಸ್ ಮೀನು ಹಿಡಿಯುವ ವಿದ್ಯೆಯನ್ನು ಯಾರಿಗೆ ಬೇಕಾದರೂ ಕಲಿಸಬಲ್ಲೆ ಎಂಬ ಧೈರ್ಯ ನನಗಿತ್ತು. ಮೂವತ್ತೆರಡು ವರ್ಷ ಕನ್ನಡಕದ ಅಂಗಡಿ ನಡೆಸಿದವನು ನಾನು. ಗಾಜನ್ನು ಎಷ್ಟು ಉಜ್ಜಬೇಕು, ಎಲ್ಲಿ ಕೈ ನಿಲ್ಲಿಸಬೇಕು ಎಂಬುದನ್ನು ಎಷ್ಟೋ ಮಂದಿಗೆ ಕಲಿಸಿದ್ದೇನೆ. ಇದೂ ಅಂಥದ್ದೇ. ಆದ್ದರಿಂದ ಬೀಗಿತ್ತಿ ನನ್ನ ದೋಣಿಗೆ ಬರುತ್ತೇನೆಂದಾಗ ನಾನು ಹೆದರಲಿಲ್ಲ.

ಊರಿಗೆ ಕುಡಿಯುವ ನೀರು ಕೊಡುವ ದೊಡ್ಡ ಕೆರೆ ನಮ್ಮದು. ನೀರು ಸರಬರಾಜಿನ ಕಚೇರಿಯವರು ಅಲ್ಲಿ ಹನ್ನೆರಡೇ ದೋಣಿಗಳಿಗೆ ಜಾಗ ಕೊಟ್ಟಿದ್ದಾರೆ. ಯಂತ್ರ ಹಾಕುವಂತಿಲ್ಲ, ಒಂದು ದೋಣಿಗೆ ಇಬ್ಬರು ಇರಲೇಬೇಕು, ಹಿಡಿದ ಮೀನನ್ನು ಅಳೆದು ಮತ್ತೆ ನೀರಿಗೇ ಬಿಡಬೇಕು. ಇವಲ್ಲದೆ ಗಾಳದವರ ಸಂಘದ ನಿಯಮವೂ ಒಂದಿದೆ. ವರ್ಷಕ್ಕೊಮ್ಮೆ ಅಳತೆಯ ದಿನದಂದು ಪ್ರತಿ ದೋಣಿಯವರೂ ಮಧ್ಯಾಹ್ನ ಹನ್ನೆರಡರೊಳಗೆ ಮೂವತ್ತೈದು ಸೆಂಟಿಮೀಟರಿಗೆ ಕಡಿಮೆಯಿಲ್ಲದ ಒಂದು ಮೀನನ್ನಾದರೂ ತಂದು ತೋರಿಸಬೇಕು. ತೋರಿಸದಿದ್ದರೆ ಆ ಜಾಗ ಕಾಯುತ್ತಿರುವ ಮುಂದಿನವರಿಗೆ ಹೋಗುತ್ತದೆ. ಕಾಯುತ್ತಿದ್ದವರು ನಲವತ್ತು ಮಂದಿ.

ನಮ್ಮದು ಏಳನೆಯ ಜಾಗ. ಇಪ್ಪತ್ತೊಂಬತ್ತು ವರ್ಷ ಅದರಲ್ಲಿ ನಾನೂ ನನ್ನ ಹೆಂಡತಿಯೂ ಹೋದೆವು. ನಾನು ಮುಂದೆ ಗಾಳದ ಕೋಲು ಹಿಡಿದು, ಅವಳು ಹಿಂದೆ ಹುಟ್ಟು ಹಿಡಿದು. ಅವಳು ತೀರಿಕೊಂಡು ಹತ್ತು ತಿಂಗಳಾಗಿತ್ತು. ಮನೆಯಲ್ಲಿ ಅವಳ ಬಟ್ಟೆಗಳನ್ನು ಮಗಳು ಮಡಿಸಿ ಕಟ್ಟಿ ಯಾರಿಗೋ ಕೊಟ್ಟುಬಿಟ್ಟಿದ್ದಳು. ಮಂಚದ ಆ ಮಗ್ಗುಲಿನಲ್ಲಿ ಈಗ ನನ್ನ ಪುಸ್ತಕಗಳು ಮಲಗುತ್ತವೆ. ಮನೆಯೊಳಗೆ ನಾನು ಬರೀ ಒಬ್ಬ ಮುದುಕ. ಆ ದೋಣಿಯಲ್ಲಿ ಕುಳಿತಾಗ ಮಾತ್ರ ಅವಳ ಗಂಡ. ಅದು ಕೈಬಿಟ್ಟರೆ ನನಗೆ ಏನು ಉಳಿಯುತ್ತದೆಂದು ಯೋಚಿಸುವುದಕ್ಕೂ ನಾನು ಒಪ್ಪಿರಲಿಲ್ಲ.

ಜೊತೆಗೆ ಬರಲು ಒಬ್ಬರು ಬೇಕಿತ್ತು. ಮಗಳಿಗೆ ಕೆಲಸದಿಂದ ಬಿಡುವಿಲ್ಲ. ಅಳಿಯನಿಗಂತೂ ಬಕೆಟ್ಟಿನಲ್ಲಿ ನೀರು ಅಲ್ಲಾಡಿದರೂ ತಲೆ ತಿರುಗುತ್ತದೆ. ಊಟದ ಮೇಜಿನ ಮುಂದೆ ಈ ಮಾತು ನಡೆಯುತ್ತಿದ್ದಾಗ ಅಳಿಯನ ತಾಯಿ ತಟ್ಟೆಯಿಂದ ತಲೆಯೆತ್ತದೆ ತಾನು ಬರುವುದಾಗಿ ಹೇಳಿದರು. ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ನಿಂತವರಿಗೆ ದೋಣಿಯಲ್ಲಿ ಕೂರುವುದೇನು ದೊಡ್ಡದು ಎಂದು ಕೇಳಿದರು. ಮಕ್ಕಳ ಮದುವೆಯಾಗಿ ಹನ್ನೊಂದು ವರ್ಷವಾಗಿದ್ದರೂ ನಾವಿಬ್ಬರೂ ಮಳೆ ಬಿಸಿಲಿನ ಹೊರತು ಬೇರೆ ಮಾತಾಡಿದ್ದು ಕಡಿಮೆ. ಬೀಗರ ನಡುವೆ ಬಾಯಿ ಚಿಕ್ಕದಿದ್ದಷ್ಟೂ ಬಾಂಧವ್ಯ ದೊಡ್ಡದು ಎಂದು ನಂಬಿದವನು ನಾನು. ಅವರದು ಚಿಕ್ಕ ಬಾಯಲ್ಲವೆಂದು ಮೊದಲ ದಿನವೇ ತಿಳಿಯಿತು.

ಮೂರು ವಾರ ಪಾಠ ನಡೆಯಿತು. ಬಯಲು ನೀರಿನಲ್ಲಿ ಬಾಸ್ ನಿಲ್ಲುವುದಿಲ್ಲ, ಅದಕ್ಕೆ ಆತುಕೊಳ್ಳಲು ಏನಾದರೊಂದು ಬೇಕು, ಮುಳುಗಿದ ಮರದ ಬೊಡ್ಡೆಯೋ ಬಂಡೆಯ ಅಂಚೋ ಎಲೆಗಳ ನೆರಳೋ ಎಂದು ಹೇಳಿಕೊಟ್ಟೆ. ನಮ್ಮ ನೆರಳು ನೀರಿನ ಮೇಲೆ ಮುಂದಕ್ಕೆ ಬೀಳದಂತೆ ಸೂರ್ಯನಿಗೆ ಎದುರಾಗಿ ಹೋಗಬೇಕು. ದೋಣಿಯ ಹಲಗೆಗೆ ಹುಟ್ಟು ತಗುಲಿಸಬಾರದು. ಮೀನು ಇರುವಲ್ಲಿಗೇ ಎಸೆದರೆ ಅದು ಬೆದರುತ್ತದೆ, ಅದನ್ನು ದಾಟಿಸಿ ಎಸೆದು ಅದರ ಬಾಗಿಲಿಗೆ ತರಬೇಕು. ತರುವಾಗ ಅವಸರ ಕೂಡದು. ಎಳೆದ ಮೇಲೆ ದಾರ ಒಂದು ಗೇಣೂ ಸಡಿಲವಾಗಬಾರದು.

ಬೀಗಿತ್ತಿ ಎಲ್ಲವನ್ನೂ ಕೇಳಿ, ಇಷ್ಟೊಂದು ಮರ್ಯಾದೆ ತಮ್ಮ ಮಗನ ಮದುವೆಯಲ್ಲಿ ಗಂಡಿನ ಕಡೆಯವರಿಗೂ ಸಿಕ್ಕಿರಲಿಲ್ಲ ಎಂದರು. ಆದರೆ ಕೈ ಚುರುಕು. ಎರಡನೆಯ ವಾರಕ್ಕೆ ದಡದಲ್ಲಿ ನಿಂತು ಅವರು ಎಸೆದದ್ದು ನಾನು ಬೆರಳು ತೋರಿಸಿದಲ್ಲಿಗೇ ಹೋಗಿ ಬೀಳುತ್ತಿತ್ತು.

ತೊಂದರೆ ಇದ್ದದ್ದು ನನ್ನಲ್ಲಿ.

ವರ್ಷದ ಆ ಕಾಲದಲ್ಲಿ ಕೆರೆಯ ಅಂಚೆಲ್ಲ ತೇಲುವ ಎಲೆಗಳಿಂದ ಮುಚ್ಚಿರುತ್ತದೆ. ದೊಡ್ಡ ಮೀನುಗಳು ಅದರಡಿಯ ತಂಪಿನಲ್ಲಿರುತ್ತವೆ. ಬೇರೆ ಗಾಳ ಎಸೆದರೆ ಎಲೆಗೆ ಸಿಕ್ಕಿಕೊಳ್ಳುತ್ತದೆ. ಹೊಟ್ಟೆಯೊಳಗೆ ಗಾಳ ಅಡಗಿಸಿದ ರಬ್ಬರ್ ಕಪ್ಪೆಯೊಂದೇ ಎಲೆಯ ಮೇಲೆ ಜಾರಿಕೊಂಡು ಬರುತ್ತದೆ. ಅದು ಬರುವಾಗ ಕೆಳಗಿನಿಂದ ಬಾಸ್ ಎಲೆಯನ್ನು ಒಡೆದುಕೊಂಡು ಮೇಲೆ ನುಗ್ಗುತ್ತದೆ. ಪಾತ್ರೆ ಬಿದ್ದಂತೆ ಶಬ್ದವಾಗುತ್ತದೆ, ನೀರು ಮೊಳದೆತ್ತರ ಚಿಮ್ಮುತ್ತದೆ. ಹೊಸಬರೆಲ್ಲ ಆಗಲೇ ಕೋಲನ್ನು ಎಳೆದುಬಿಡುತ್ತಾರೆ. ಕಪ್ಪೆ ಮೀನಿನ ಬಾಯಿಂದ ಹೊರಬಂದು ಅವರ ಮುಖಕ್ಕೇ ಹಾರುತ್ತದೆ. ಮೀನು ಕಪ್ಪೆಯನ್ನು ನುಂಗಿ ತಿರುಗುವಷ್ಟು ಹೊತ್ತು ಕಾಯಬೇಕು. ಆ ಹೊತ್ತು ನನ್ನ ಮಣಿಕಟ್ಟಿನಲ್ಲಿದೆ ಎಂದು ನಾನು ವರ್ಷಾನುಗಟ್ಟಲೆ ಹೇಳಿಕೊಂಡು ಬಂದಿದ್ದೆ. ಕೇಳಿದವರು ನಂಬಿದ್ದರು. ನಾನೂ ನಂಬಿದ್ದೆ.

ಆ ಮೂರು ವಾರದಲ್ಲಿ ಏಳು ಮೀನು ಕಪ್ಪೆಗೆ ನುಗ್ಗಿದವು. ಏಳೂ ತಪ್ಪಿಹೋದವು. ನಾನು ಗಾಳ ಮೊಂಡಾಗಿದೆಯೆಂದು ಬದಲಿಸಿದೆ. ಕೋಲು ಮೆತ್ತಗಾಯಿತೆಂದು ಗಟ್ಟಿಯದನ್ನು ತಂದೆ. ಕಪ್ಪೆಯ ರಬ್ಬರು ಗಡುಸಾಯಿತೆಂದು ಬಿಸಿನೀರಿನಲ್ಲಿ ನೆನೆಹಾಕಿದೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ಬೀಗಿತ್ತಿಯ ತುಟಿಯವರೆಗೆ ಬಂದು ಹಿಂದಕ್ಕೆ ಹೋದದ್ದನ್ನು ನಾನು ಕಂಡೆ.

ಸಂಘದ ಕಾರ್ಯದರ್ಶಿಯನ್ನು ಎಲ್ಲರೂ ಅಳತೆಗೋಲು ಎಂದೇ ಕರೆಯುತ್ತಾರೆ. ಮನುಷ್ಯನೂ ಹಾಗೆಯೇ, ಉದ್ದ, ತೆಳ್ಳಗೆ, ನೇರ. ಒಳ್ಳೆಯವನು. ಅಳತೆಯ ದಿನದ ಹಿಂದಿನ ಸಂಜೆ ನನ್ನನ್ನು ಪಕ್ಕಕ್ಕೆ ಕರೆದು, ವಯಸ್ಸಾದ ಮೇಲೆ ಕೈ ಮಾತು ಕೇಳದಿರುವುದು ಸಹಜವೆಂದೂ, ನಾನಾಗಿಯೇ ಜಾಗ ಬಿಟ್ಟುಕೊಟ್ಟರೆ ಗೌರವವೆಂದೂ, ದಡದಲ್ಲಿ ನನ್ನ ಹೆಸರಿನಲ್ಲಿ ಒಂದು ಬೆಂಚು ಹಾಕಿಸುವುದಾಗಿಯೂ ಹೇಳಿದ. ಬೆಂಚಿನ ಮೇಲೆ ಕೂರಲು ನನಗಿನ್ನೂ ಪುರುಸೊತ್ತಿಲ್ಲ ಎಂದು ಹೇಳಿ ಬಂದೆ.

ಅಳತೆಯ ದಿನ ಮೋಡವಿರಲಿಲ್ಲ, ಗಾಳಿಯೂ ಇರಲಿಲ್ಲ. ಮೀನು ಎಲೆಗಳ ದಟ್ಟ ನೆರಳಿಗೆ ಸೇರುತ್ತದೆಂದು ಲೆಕ್ಕ ಹಾಕಿ ಪಂಪ್‌ಹೌಸಿನ ಗೋಡೆಯ ಪಕ್ಕಕ್ಕೆ ದೋಣಿ ಬಿಡಿಸಿದೆ. ಲೆಕ್ಕ ತಪ್ಪಲಿಲ್ಲ. ಒಂಬತ್ತು ಗಂಟೆಗೆ ಒಂದು ನುಗ್ಗಿತು, ಹತ್ತಕ್ಕೆ ಇನ್ನೊಂದು. ಎರಡು ಸಲವೂ ಕಪ್ಪೆ ಬರಿದಾಗಿ ಹಾರಿ ಬಂದು ದೋಣಿಯೊಳಗೆ ಬಿತ್ತು. ಎರಡನೆಯ ಸಲ ಬೀಗಿತ್ತಿಯ ಮಡಿಲಿಗೇ ಬಿತ್ತು.

ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ನನಗೆ ಕೊಟ್ಟು, "ಬೀಗರೇ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಕಾಯ್ತಾ ಇಲ್ಲ" ಎಂದರು.

"ಇಪ್ಪತ್ತೊಂಬತ್ತು ವರ್ಷದಿಂದ ಕಾಯ್ತಾ ಬಂದಿದೀನಿ."

"ಮೂರು ವಾರದಿಂದ ನಿಮ್ಮ ಬೆನ್ನು ನೋಡೋದೇ ನನ್ನ ಕೆಲಸ. ನೀರು ಚಿಮ್ಮಿದ ತಕ್ಷಣ ನಿಮ್ಮ ಹೆಗಲು ಎಗರುತ್ತೆ. ಆಗ ಅವರು ಏನ್ ಮಾಡ್ತಿದ್ರು?"

ಯಾರು ಎಂದು ನಾನು ಕೇಳಲಿಲ್ಲ. ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಪ್ರಾರ್ಥನೆ ಮಾಡುತ್ತಿದ್ದಳು ಎಂದು ಹೇಳಿದೆ. ಪ್ರಾಣಿಗೆ ನೋವಾಗುತ್ತದೆಂದು ಮರುಗಿ ದೇವರನ್ನು ನೆನೆಯುತ್ತಾಳೆಂದೇ ನಾನು ತಿಳಿದಿದ್ದೆ. ಹಾಗೆ ಹೇಳುತ್ತಿರುವಾಗಲೇ ನನಗೆ ಅದು ಕೇಳಿಸಿತು: ಮೀನು ನುಗ್ಗಿದೊಡನೆ ಬೆನ್ನ ಹಿಂದೆ, ಮೆಲ್ಲಗೆ, ಒಂದಕ್ಷರ ನುಂಗದೆ, "ದೇವರೇ, ನಿನ್ನ ಚಿತ್ತ." ಅವಳ ಕೊನೆಯ ಅಕ್ಷರ ಮುಗಿದ ಮೇಲೆ ನನ್ನ ಕೈ ಎಳೆಯುತ್ತಿತ್ತು. ಪ್ರತಿ ಸಲ. ಆ ಹೊತ್ತು ನನ್ನ ಮಣಿಕಟ್ಟಿನಲ್ಲಿ ಒಂದು ದಿನವೂ ಇರಲಿಲ್ಲ.

ಬೀಗಿತ್ತಿಗೆ ಅಷ್ಟನ್ನೂ ಹೇಳಿದೆ. ಅವರು ನಗಲಿಲ್ಲ. ಹಾಗಾದರೆ ಆ ಮಾತನ್ನು ನಾನೇ ಹೇಳಿಕೊಂಡು ಎಳೆದರಾಯಿತಲ್ಲ, ಇದರಲ್ಲಿ ಕಷ್ಟವೇನಿದೆ ಎಂದು ಕೇಳಿದರು.

ಕಷ್ಟವಿತ್ತು. ನಾನು ದೇವರನ್ನು ಬಿಟ್ಟವನಲ್ಲ. ಈ ಹತ್ತು ತಿಂಗಳಲ್ಲಿ ಒಂದು ಬೆಳಗ್ಗೆಯೂ ಪ್ರಾರ್ಥನೆ ತಪ್ಪಿಸಿಲ್ಲ. ಆದರೆ ಆ ಒಂದು ಮಾತಿನ ಹತ್ತಿರ ಬಂದಾಗ ಅದನ್ನು ದಾಟಿ ಮುಂದಿನದಕ್ಕೆ ಹೋಗುತ್ತಿದ್ದೆ. ಆಸ್ಪತ್ರೆಯಲ್ಲಿ ಕೊನೆಯ ದಿನ ನೋಡಲು ಬಂದವರೆಲ್ಲ ನನ್ನ ಕೈ ಹಿಡಿದು ಅದನ್ನೇ ಹೇಳಿದ್ದರು. ಒಪ್ಪಿ ತಲೆಯಾಡಿಸಿದ್ದರೆ ನಾನೇ ಅವಳ ಕೈಬಿಟ್ಟಂತೆ ಎಂದು ನನಗೆ ಅನಿಸಿತ್ತು. ಆಗಲೂ ತಲೆಯಾಡಿಸಲಿಲ್ಲ, ಆಮೇಲೂ ಇಲ್ಲ. ಅದನ್ನು ಬಿಟ್ಟು ಬೇರೆ ಏನನ್ನಾದರೂ ಹೇಳುತ್ತೇನೆ ಎಂದೆ.

"ಹಾಗಾದ್ರೆ ಎಣಿಸಿ. ನಮ್ಮಲ್ಲಿ ಮತ್ತು ಬರೋ ಮದ್ದು ಕೊಟ್ಟು ನೂರರಿಂದ ಹಿಂದಕ್ಕೆ ಎಣಿಸೋಕೆ ಹೇಳ್ತೀವಿ. ತೊಂಬತ್ತೇಳು ಬಂದ್ರೆ ಎಳೀರಿ."

ಹತ್ತೂಮುಕ್ಕಾಲಿಗೆ ಮೂರನೆಯದು ನುಗ್ಗಿತು. ನೂರು ಎಂದೆ. ತೊಂಬತ್ತೊಂಬತ್ತು ಬಾಯಿಗೆ ಬರುವಷ್ಟರಲ್ಲಿ ಕೈ ಎಳೆದಾಗಿತ್ತು. ಎಣಿಕೆ ಶುರುವಾದರೆ ಮುಗಿಸುವ ಆತುರ ತಾನಾಗಿ ಬರುತ್ತದೆ; ಕಾಯುವುದಕ್ಕೆ ಅದು ಒದಗುವುದಿಲ್ಲ. ಬೀಗಿತ್ತಿ ಗಡಿಯಾರ ನೋಡಿಕೊಂಡು, ನಾನು ಅವರ ರೋಗಿಯಾಗಿದ್ದರೆ ಹೊಟ್ಟೆ ಕೊಯ್ಯುವಾಗ ಎದ್ದು ಕೂತಿರುತ್ತಿದ್ದೆ ಎಂದರು.

ಹನ್ನೊಂದೂಕಾಲಾಯಿತು. ದಡಕ್ಕೆ ಮರಳಲು ಇಪ್ಪತ್ತು ನಿಮಿಷ ಬೇಕು. ಜಾಗ ಹೋಗುತ್ತದೆಂದು ನನಗೆ ಆಗ ಮೊದಲ ಸಲ ಸ್ಪಷ್ಟವಾಗಿ ಕಂಡಿತು. ಆಶ್ಚರ್ಯವೆಂದರೆ ತಲೆ ತಿಳಿಯಾಯಿತು. ಕಲಿಸಿದವನ ಕೈ ಕೆಟ್ಟಿದೆ, ಆದರೆ ಕಲಿತವರ ಕೈ ಚೆನ್ನಾಗಿದೆಯಲ್ಲ. ನಾನು ಎದ್ದು ಕೋಲನ್ನು ಬೀಗಿತ್ತಿಗೆ ಕೊಟ್ಟು, ನಾವು ಕೂತ ಜಾಗ ಬದಲಿಸೋಣ ಎಂದೆ.

ಅವರು ಬೇಡವೆನ್ನಲಿಲ್ಲ. ಮುಂದೆ ಹೋಗಿ ಕಾಲೂರಿ ನಿಂತು, ಹಿಂದಕ್ಕೆ ತಿರುಗದೆ ಹೇಳಿದರು: "ನನಗೆ ಮೀನಿನ ಹೊತ್ತು ಗೊತ್ತಾಗಲ್ಲ. ಥಿಯೇಟರಲ್ಲೂ ಡಾಕ್ಟರು ಹೇಳಿದ ಮೇಲೇ ನನ್ನ ಕೈ ಓಡ್ತಿದ್ದದ್ದು. ಮಾತು ನೀವು ಹೇಳಿ. ಮುಗಿದ ಮೇಲೆ ಎಳೀತೀನಿ."

ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಆ ಹಿಂದಿನ ಹಲಗೆಯ ಮೇಲೆ ಕುಳಿತದ್ದು ಅದೇ ಮೊದಲು. ಅಲ್ಲಿಂದ ಎಲೆಯ ಹಾಸು ಅರ್ಧ ಮಾತ್ರ ಕಾಣುತ್ತದೆ. ಉಳಿದದ್ದಕ್ಕೆಲ್ಲ ಮುಂದಿನವರ ಬೆನ್ನು ಅಡ್ಡ. ಬೇಸಿಗೆ ಚಳಿಗಾಲವೆನ್ನದೆ ಅವಳು ನೋಡಿಕೊಂಡು ಕುಳಿತದ್ದು ನನ್ನ ಹೆಗಲುಗಳನ್ನು. ಅವು ಯಾವಾಗ ಎಗರುತ್ತವೆ, ಅವನ್ನು ಎಷ್ಟು ಹೊತ್ತು ತಡೆಯಬೇಕು ಎಂಬುದು ಅವಳಿಗೆ ಗೊತ್ತಿತ್ತು. ಮೀನಿಗಾಗಿ ಮರುಗುತ್ತಿದ್ದಳೋ ಇಲ್ಲವೋ ನಾನರಿಯೆ. ನನ್ನನ್ನು ಮಾತ್ರ ಹಿಡಿದು ನಿಲ್ಲಿಸುತ್ತಿದ್ದಳು.

ಬೀಗಿತ್ತಿ ಎಸೆದರು. ಕಪ್ಪೆ ಎಲೆಗಳನ್ನು ದಾಟಿ ಗೋಡೆಯ ಬುಡಕ್ಕೆ ಬಿತ್ತು. ಅವರು ಅವಸರವಿಲ್ಲದೆ ತಂದರು: ಒಂದು ಜಗ್ಗು, ಒಂದು ನಿಲುಗಡೆ. ನಾನು ಉಸಿರು ಬಿಗಿಹಿಡಿದು ಹುಟ್ಟನ್ನು ನೀರಿನಲ್ಲಿ ಅಲುಗದಂತೆ ಒತ್ತಿ ಹಿಡಿದೆ. ನಾಲ್ಕನೆಯ ಎಸೆತಕ್ಕೆ ಎಲೆಯ ಹಾಸು ಒಡೆಯಿತು.

ಅವರ ಹೆಗಲು ಅಲುಗಲಿಲ್ಲ. ನನ್ನ ಮಾತಿಗೆ ಕಾಯುತ್ತಿದ್ದರು.

ಅಷ್ಟೇ ಉದ್ದದ ಬೇರೆ ಮಾತು ನನ್ನಲ್ಲಿರಲಿಲ್ಲ. ಹುಡುಕುವುದಕ್ಕೆ ಸಮಯವೂ ಇರಲಿಲ್ಲ. "ದೇವರೇ, ನಿನ್ನ ಚಿತ್ತ" ಎಂದೆ. ಒಂದಕ್ಷರವನ್ನೂ ನುಂಗಲಿಲ್ಲ. ಬೀಗಿತ್ತಿ ಎಳೆದರು.

ಕೋಲು ಬಾಗಿ ಅದರ ತುದಿ ನೀರಿಗೆ ಮುಟ್ಟಿತು. ದಾರ ಸಡಿಲ ಬಿಡಬೇಡಿ, ಅದರ ತಲೆ ಮೇಲೇ ಇರಲಿ, ಎಲೆಯೊಳಗೆ ನುಗ್ಗಲು ಬಿಟ್ಟರೆ ಕೆಟ್ಟಿರಿ ಎಂದು ನಾನು ಹೇಳುತ್ತಲೇ ದೋಣಿಯನ್ನು ಹಿಂದಕ್ಕೆ ತಳ್ಳಿದೆ. ಅವರು ಹಲ್ಲು ಕಚ್ಚಿ ದಾರದ ರೀಲು ಸುತ್ತಿದರು. ಎಲೆಯ ರಾಶಿಯೊಂದನ್ನು ತಲೆಯ ಮೇಲೆ ಹೊತ್ತುಕೊಂಡೇ ಮೀನು ದೋಣಿಯ ಪಕ್ಕಕ್ಕೆ ಬಂತು. ನಾನು ಅದರ ಕೆಳದುಟಿಯನ್ನು ಹೆಬ್ಬೆರಳಿನಲ್ಲಿ ಹಿಡಿದೆತ್ತಿ ನೀರು ತುಂಬಿದ ತೊಟ್ಟಿಗೆ ಹಾಕಿದೆ. ಗಾಳ ಮೇಲ್ದುಟಿಯ ನಡುವೆ, ಎಲ್ಲಿರಬೇಕೋ ಅಲ್ಲೇ ಇತ್ತು.

ಬೀಗಿತ್ತಿ ಕುಳಿತು ಕೋಲನ್ನು ಮಡಿಲಿನ ಮೇಲೆ ಇಟ್ಟುಕೊಂಡರು. ನನ್ನ ಕೆನ್ನೆ ಒದ್ದೆಯಾದದ್ದನ್ನು ಅವರು ಕಂಡಿರಬೇಕು. ಮೀನು ಬಹಳ ನೀರು ಚಿಮ್ಮಿಸಿತು ಅಲ್ಲವೇ ಎಂದು ಕೇಳಿ ತಮ್ಮ ಕರವಸ್ತ್ರ ಕೊಟ್ಟರು. ಆ ಮಾತು ಹೇಳಿದ್ದಕ್ಕೆ ಅವಳು ನನ್ನಿಂದ ದೂರವಾಗಲಿಲ್ಲ. ಹೇಳದೆ ಹತ್ತು ತಿಂಗಳು ಹಿಡಿದುಕೊಂಡಿದ್ದಾಗಲೇ ದೂರವಿದ್ದಳು. ಇದು ನನಗೆ ಖಂಡಿತವಾಗಿ ತಿಳಿದ ಸಂಗತಿ.

ಹನ್ನೆರಡಕ್ಕೆ ಏಳು ನಿಮಿಷವಿರುವಾಗ ದಡ ಮುಟ್ಟಿದೆವು. ಅಳತೆಗೋಲು ಒದ್ದೆ ಹಲಗೆಯ ಮೇಲೆ ಮೀನನ್ನು ಮಲಗಿಸಿ ಬಾಲ ನೇರಮಾಡಿ ಎರಡು ಸಲ ಅಳೆದ. ಮೂವತ್ತೆಂಟು. ಅವನ ಮುಖ ನಿಜವಾಗಿಯೂ ಅರಳಿತು. ಮಣಿಕಟ್ಟು ಮರಳಿ ಬಂತಲ್ಲ ಎಂದು ನನ್ನ ಬೆನ್ನು ತಟ್ಟಿದ.

ಸುತ್ತ ಹತ್ತಾರು ಗಾಳದವರು ನಿಂತಿದ್ದರು. ಹೊಸಬರಿಗೆ ಪಾಠ ಹೇಳುವಾಗಲೆಲ್ಲ ನನ್ನ ಮಣಿಕಟ್ಟಿನ ಕಥೆ ಕೇಳಿದ್ದವರು. ನಾನು ಅವರೆಲ್ಲರಿಗೂ ಕೇಳಿಸುವಂತೆ, "ಎಳೆದದ್ದು ನಮ್ಮ ಬೀಗಿತ್ತಿ. ನನ್ನ ಮಣಿಕಟ್ಟಿನಲ್ಲಿ ಎಂದೂ ಏನೂ ಇರಲಿಲ್ಲ. ಇಷ್ಟು ವರ್ಷ ನನಗೆ ಹೊತ್ತು ಹೇಳ್ತಿದ್ದವಳು ನನ್ನ ಹೆಂಡತಿ" ಎಂದೆ. ಒಬ್ಬಿಬ್ಬರು ಟೋಪಿ ತೆಗೆದರು. ಒಬ್ಬ ಮುದುಕ, ತನಗೆ ಇದು ಮೊದಲಿನಿಂದಲೂ ಗೊತ್ತಿತ್ತೆಂದೂ, ಅವಳ ತುಟಿ ಅಲುಗುವುದನ್ನು ಎಂಟನೆಯ ದೋಣಿಯಿಂದ ತಾನು ನೋಡುತ್ತಿದ್ದುದಾಗಿಯೂ ಹೇಳಿದ. ಹೇಳಬಾರದಿತ್ತೇ ಎಂದು ನಾನು ಕೇಳಿದ್ದಕ್ಕೆ, ನೀನು ಕೇಳುವವನಾಗಿದ್ದೆಯಾ ಎಂದ.

ಬೀಗಿತ್ತಿ ಆಗಲೇ ಮೊಣಕಾಲೂರಿ ಮೀನನ್ನು ನೀರಿಗೆ ಇಳಿಸುತ್ತಿದ್ದರು. ಅದು ಚೇತರಿಸಿಕೊಳ್ಳುವವರೆಗೆ ಬಾಲದ ಬುಡವನ್ನು ಮೆಲ್ಲಗೆ ಹಿಡಿದಿರಬೇಕೆಂದು ನಾನೇ ಕಲಿಸಿದ್ದೆ. ಮತ್ತಿನಿಂದ ಏಳುವ ರೋಗಿಯನ್ನು ನೋಡುವಂತೆ ಅದರ ಕಿವಿರುಗಳನ್ನೇ ನೋಡುತ್ತಿದ್ದರು. ಅದು ಒಮ್ಮೆ ಬಾಲ ಬೀಸಿ ಅವರ ಸೆರಗನ್ನು ನೆನೆಸಿ ಹೋಯಿತು. ಅವರು ಎದ್ದು, ಬರುವ ವಾರ ಎಷ್ಟು ಗಂಟೆಗೆ ಹೊರಡುವುದೆಂದು ಕೇಳಿದರು. ಐದೂವರೆಗೆ ಎಂದೆ. ತಡಮಾಡಬೇಡಿ, ಆಗಲೂ ಹಿಂದಿನ ಹಲಗೆ ನಿಮ್ಮದೇ ಎಂದರು.