ಅಪ್ಪನ ಕುರ್ಚಿಯಿಂದ ತೆಗೆದ ಅಳತೆ

ಪಾದ್ರಿಯ ಮೂರನೆಯ ಸಲಿಕೆ ಮಣ್ಣು ಶವಪೆಟ್ಟಿಗೆಯ ಮೇಲೆ ಬಿದ್ದದ್ದೇ ತಡ, ಕರ್ಸ್ಟೀನೆ ಗುಣಿಗೆ ಬೆನ್ನು ಹಾಕಿ ಮನೆಯತ್ತ ಓಡಿದಳು. ತೀರಿಕೊಂಡ ಅಪ್ಪ ಎವಾಲ್ಡ್‌ನ ದನಿಗಾಗಿ ಎಂಟು ದಿನ ಎಲ್ಲರ ಫೋನು ಜಾಲಾಡಿದ್ದಳು. ಒಂದು ಮಾತೂ ಸಿಕ್ಕಿರಲಿಲ್ಲ. ಪ್ರಾರ್ಥನೆಯ ನಡುವೆ ತಟ್ಟನೆ ನೆನಪಾಗಿತ್ತು: ಆ ಮೈಕು!

ಜನ ಬರುವ ಹೊತ್ತಿಗೆ ಅವಳು ಕಂಪ್ಯೂಟರಿನ ಮುಂದಿದ್ದಳು, ಕೋಟು ಕೂಡ ಬಿಚ್ಚದೆ.

"ಬಂದೋರಿಗೆ ಕಾಫಿ ಕೊಡೋದು ಬಿಟ್ಟು ಇದೇನೇ?" ಎಂದ ಚಿಕ್ಕಪ್ಪ ಹೋಲ್ಗರ್.

"ಬಿಡೋ," ಎಂದ ವರ್ನರ್, ಸ್ಪೀಕರ್ ಕಾರ್ಖಾನೆಯಲ್ಲಿ ಎವಾಲ್ಡ್‌ನ ಜೊತೆಗಾರ. "ಇವಳಪ್ಪ ಮದುವೆ ದಿನಾನೂ ಸ್ಪೀಕರ್ ಪೆಟ್ಟಿಗೆಗೆ ಅಂಟು ಹಚ್ಚಿ ಬಂದೋನು. ಬೆರಳಿಗೆ ಉಂಗುರ ಇಳೀಲೇ ಇಲ್ಲ!"

ಎಲ್ಲರೂ ನಕ್ಕರು. ಅಮ್ಮ ಗುದ್ರುನ್ ನಗಲಿಲ್ಲ.

*

ಹೋದ ಚಳಿಗಾಲ. ಓರ್ಹುಸ್ ನಗರದಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ನಡೆಸುವ ಕರ್ಸ್ಟೀನೆ, ಆಂಪ್ಲಿಫೈಯರನ್ನು ಹೊಟ್ಟೆಯೊಳಗೇ ಇಟ್ಟುಕೊಂಡ ಎರಡು ಪುಟ್ಟ ಸ್ಪೀಕರ್ ಅಪ್ಪನಿಗೆಂದು ತಂದಿದ್ದಳು. ಕೋಣೆಯ ಮಾರ್ದನಿಯನ್ನು ಮೈಕಿನಿಂದ ಮುದ್ರಿಸಿ ಅಳೆದು, ಅವು ತಮ್ಮ ಸದ್ದನ್ನು ತಾವೇ ತಿದ್ದಿಕೊಳ್ಳುತ್ತಿದ್ದವು.

"ಏಳಪ್ಪಾ, ಕುರ್ಚಿ ಮೇಲೆ ಮೈಕು ಇಡ್ಬೇಕು."

"ಕೇಳೋ ಕಿವಿ ನಂದು. ನಾನಿಲ್ದೆ ಏನಳೀತೀಯ?" ಎಂದು ಅವನು ಅಲ್ಲಾಡಲಿಲ್ಲ. ಮೈಕನ್ನು ಅವನ ಕಿವಿಯ ಪಕ್ಕ ನಿಲ್ಲಿಸಿದ್ದಾಯಿತು. ಸ್ಪೀಕರಿನಿಂದ ಅಳತೆಯ ಸದ್ದು ಏರುತ್ತಿದ್ದಂತೆ ಅವನ ಬಾಯಿ ತೆರೆಯಿತು: "ನನ್ನ ಓಕ್ ಮರದ ಪೆಟ್ಟಿಗೆಗಳು ನಲವತ್ತು ವರ್ಷದಿಂದ ಈ ಗೋಡೆ ಜೊತೆ ಸಂಸಾರ ಮಾಡ್ತಿವೆ. ನಿನ್ನವು ಬಂದ ದಿನಾನೇ ಗೋಡೇದೇ ತಪ್ಪು ಅಂತಾವಲ್ಲೇ!"

ಅಳತೆ ಕೆಟ್ಟಿತು. ಮತ್ತೊಮ್ಮೆ ಮಾಡಿದರೆ ಮತ್ತೊಂದು ಮಾತು. ಮೂರು ಸಲ ಹೀಗೇ.

"ಇಪ್ಪತ್ತು ಸೆಕೆಂಡು ಬಾಯಿ ಮುಚ್ಚಪ್ಪಾ! ಉಸಿರೂ ಬಿಡ್ಬೇಡ!"

*

ಈಗ ಕಂಪ್ಯೂಟರಿನಲ್ಲಿ ಉಳಿದಿದ್ದ ಅಳತೆ ಒಂದೇ, ಮಾತಿಲ್ಲದ ನಾಲ್ಕನೆಯದು. ಕೆಟ್ಟ ಮೂರನ್ನು ಅವತ್ತೇ ಅಳಿಸಿದ್ದಳು. ಕೆಲಸದಲ್ಲಿ ಕಸ ಉಳಿಸುವ ಅಭ್ಯಾಸ ಅವಳಿಗಿರಲಿಲ್ಲ.

"ಆ ಪುಟ್ಟ ಸ್ಪೀಕರ್ ಬಂದ್ಮೇಲೆ ಅವ್ನು ಹಾಡು ಕೇಳೋದೇ ಬಿಟ್ಟ," ಎಂದಳು ಅಮ್ಮ, ಕಾಫಿ ಪಾತ್ರೆ ಹಿಡಿದು. "ಮಗಳಿಗೆ ಹೇಳ್ಬೇಡ, ನೊಂದ್ಕೋತಾಳೆ ಅಂದಿದ್ದ."

ಕಿಟಕಿಯ ಕೆಳಗೆ ಹೂಕುಂಡ ಹೊತ್ತು ನಿಂತಿದ್ದ ಓಕ್ ಪೆಟ್ಟಿಗೆಗಳ ಹಿಂದೆ ವರ್ನರ್ ಮಂಡಿಯೂರಿದ. ಹಳೆಯ ಆಂಪ್ಲಿಫೈಯರಿಗೆ ತಂತಿ ಸಿಕ್ಕಿಸಿದ. "ಇರೋದನ್ನೇ ಹಾಕವ್ವಾ. ಅವನ ಪೆಟ್ಟಿಗೇಲೇ ಬರ್ಲಿ."

ಕರ್ಸ್ಟೀನೆ ಗುಂಡಿ ಒತ್ತಿದಳು. ಆಳದಿಂದ ಎದ್ದ ಅಳತೆಯ ಒಂದೇ ಸ್ವರ ಏರಿ ಏರಿ, ಸಿಳ್ಳಾಗಿ, ನಿಂತಿತು. ಆಮೇಲೆ ಗಡಿಯಾರದ ಟಿಕ್ ಟಿಕ್. ಕುರ್ಚಿಯ ಸಣ್ಣ ಕಿರ್ ಸದ್ದು. ಅಲ್ಲಿ ಒಬ್ಬ ಮನುಷ್ಯ, ಮಗಳು ಹೇಳಿದಳೆಂದು, ಉಸಿರು ಬಿಗಿಹಿಡಿದು ಕೂತಿದ್ದ. ಅವನು ಅದನ್ನು ಬಿಡುವ ಮೊದಲೇ ಧ್ವನಿ ಮುಗಿಯಿತು.

ಹೊರಗೆ ಹೋಲ್ಗರ್ ಸಾವಿಗೆಂದು ಅರ್ಧಕ್ಕಿಳಿಸಿದ್ದ ಬಾವುಟವನ್ನು, ಮಣ್ಣಾದ ಮೇಲಿನ ಪದ್ಧತಿಯಂತೆ, ತುದಿಗೇರಿಸುತ್ತಿದ್ದ. ಹಗ್ಗ ಕಂಬಕ್ಕೆ ಬಡಿಯುತ್ತಿತ್ತು. ಒಳಗೆ ಗುದ್ರುನ್, ಬಾಗಿಸಿದ ಪಾತ್ರೆ ಬಾಗಿಸಿದಂತೆಯೇ ಕೈಯಲ್ಲಿ, ಎದೆ ಎತ್ತಿ ನಿಂತಿದ್ದಳು. ಬಟ್ಟಲು ತುಂಬಿ ಕಾಫಿ ಮೇಜಿನಿಂದ ನೆಲಕ್ಕೆ ಹರಿಯುತ್ತಿತ್ತು. ಅವಳಿನ್ನೂ ಉಸಿರು ಬಿಟ್ಟಿರಲಿಲ್ಲ.